ಬ್ರಾನ್ಸನ್‌ಗೆ ಆರ್‌ವಿ ಪ್ರವಾಸ: ಎಲ್ಲಿ ತಂಗಬೇಕು, ಯಾವ ಗಾಡಿ ತಗೋಬೇಕು, ಯಾವಾಗ ಹೋಗಬೇಕು

ಊರಿಂದ ಅಪ್ಪ ಅಮ್ಮ ಬರ್ತಾರೆ ಅಂದ ಕೂಡಲೇ ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿ, ಬೆಂಟನ್‌ವಿಲ್, ಡಲ್ಲಾಸ್ ಕಡೆಯ ಕನ್ನಡದ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಆರ್‌ವಿ (ಒಳಗೇ ಮಂಚ, ಒಲೆ, ಬಚ್ಚಲು ಇರುವ ಗಾಡಿ) ಬಾಡಿಗೆಗೆ ತಗೊಂಡು, ಮಿಸೌರಿಯಲ್ಲಿ ಶೋಗಳಿಗೆ ಹೆಸರಾದ ಬ್ರಾನ್ಸನ್‌ಗೆ ಹೋದರೆ ಹೇಗೆ? ಅಡುಗೆಮನೆ ಜೊತೆಗೇ ಬರುತ್ತೆ, ಅಮ್ಮನಿಗೆ ಅನ್ನ ಸಾರು ತಪ್ಪಲ್ಲ, ಮಕ್ಕಳಿಗೆ ಕೆರೆ, ದೊಡ್ಡವರಿಗೆ ದಿನಾ ಒಂದು ಶೋ. ಯೋಚನೆ ಒಳ್ಳೆಯದೇ. ಆದರೆ ಮುಕ್ಕಾಲು ಪಾಲು ಜನ ಮೊದಲು ಗಾಡಿ ಆರಿಸುತ್ತಾರೆ, ಆಮೇಲೆ ತಂಗುವ ಜಾಗ ಹುಡುಕುತ್ತಾರೆ. ಬ್ರಾನ್ಸನ್ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಇಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನೋದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಕಾರಣ ಒಂದು ರಸ್ತೆ. ಹೈವೇ 76. ಇಲ್ಲಿನವರು ಅದನ್ನು ‘ಸ್ಟ್ರಿಪ್’ ಅಂತಾರೆ.

ಮಿಸೌರಿಯ ನೈಋತ್ಯ ಮೂಲೆಯಲ್ಲಿ, ಓಝಾರ್ಕ್ ಗುಡ್ಡಗಳ ನಡುವೆ ಇರುವ ಬ್ರಾನ್ಸನ್‌ನಲ್ಲಿ ಕಾಯಂ ವಾಸ ಮಾಡುವವರು ಸುಮಾರು ಹನ್ನೆರಡೂವರೆ ಸಾವಿರ ಜನ. ಚಿಕ್ಕ ಊರು. 1959ರಲ್ಲಿ ಮೇಬ್ ಸಹೋದರರು ‘ಬಾಲ್ಡ್‌ನಾಬರ್ಸ್’ ಹೆಸರಲ್ಲಿ ಹಾಡು-ಹಾಸ್ಯದ ಶೋ ಶುರು ಮಾಡಿದರು. 1960ರಲ್ಲಿ ಮಾರ್ವೆಲ್ ಗುಹೆಯ ಬಾಯಲ್ಲಿ ಸಿಲ್ವರ್ ಡಾಲರ್ ಸಿಟಿ ಅನ್ನೋ ಥೀಮ್ ಪಾರ್ಕ್ ತೆರೆಯಿತು. 1967ರಲ್ಲಿ ಪ್ರೆಸ್ಲಿ ಕುಟುಂಬ 76ರ ಮೇಲೆ ಮೊದಲ ಥಿಯೇಟರ್ ಕಟ್ಟಿತು. 1991ರ ಕೊನೆಗೆ ಸಿಬಿಎಸ್ ಟಿವಿಯ ‘60 ಮಿನಿಟ್ಸ್’ ಈ ಊರಿನ ಬಗ್ಗೆ ಕಾರ್ಯಕ್ರಮ ಮಾಡಿದ ಮೇಲಂತೂ ಜನ ನುಗ್ಗಿ ಬಂದರು. ಮರುವರ್ಷವೇ ಗಾಯಕ ಆಂಡಿ ವಿಲಿಯಮ್ಸ್ ಇಲ್ಲಿ ತಮ್ಮದೇ ಥಿಯೇಟರ್ ತೆರೆದರು. ಥಿಯೇಟರ್, ಹೋಟೆಲ್, ಗೋ-ಕಾರ್ಟ್, ಗಾಲ್ಫ್ ಎಲ್ಲವೂ ಗುಡ್ಡದ ನೆತ್ತಿಯ ಮೇಲೆ ಹೋಗುವ ಅದೇ ಒಂದು ರಸ್ತೆಗೆ ಅಂಟಿಕೊಂಡು ಬೆಳೆದವು. ಇಷ್ಟು ವರ್ಷ ಆದರೂ ರಸ್ತೆ ಅಷ್ಟೇ ಇದೆ. ಸಂಜೆ ಶೋ ಶುರುವಾಗುವ ಮುಂಚೆ ಮತ್ತು ಬಿಟ್ಟ ಮೇಲೆ ಅಲ್ಲಿ ಗಾಡಿಗಳು ತೆವಳುತ್ತವೆ. ಆ ಹೊತ್ತಲ್ಲಿ ಮೂವತ್ತು ಅಡಿಯ ಗಾಡಿ ಹಿಡಿದುಕೊಂಡು ಎಡಕ್ಕೆ ತಿರುಗಬೇಕು ಅಂದರೆ ಹಬ್ಬದ ಮಜಾ ಅಲ್ಲೇ ಮುಗಿಯುತ್ತದೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಿಮ್ಮ ಮನೆಯವರು ಹೆಚ್ಚು ಹೊತ್ತು ಎಲ್ಲಿರುತ್ತಾರೆ? ಥಿಯೇಟರಲ್ಲೋ, ಸಿಲ್ವರ್ ಡಾಲರ್ ಸಿಟಿಯಲ್ಲೋ, ನೀರಲ್ಲೋ?

ತಂಗುವ ಜಾಗ

ಶೋಗಳೇ ಮುಖ್ಯ ಅನ್ನುವವರಿಗೆ ನನ್ನ ಮೊದಲ ಸಲಹೆ ಬ್ರಾನ್ಸನ್ ಲೇಕ್‌ಸೈಡ್ ಆರ್‌ವಿ ಪಾರ್ಕ್. ಊರಿನ ನಗರಾಡಳಿತವೇ ನಡೆಸುವ ಜಾಗ. ಟೇನಿಕೋಮೋ ಕೆರೆಯ ದಂಡೆಯಲ್ಲಿದೆ. 2006ರಲ್ಲಿ ತೆರೆದ ಬ್ರಾನ್ಸನ್ ಲ್ಯಾಂಡಿಂಗ್ ಅನ್ನೋ ಅಂಗಡಿ ಬೀದಿಗೂ ಹಳೇ ಡೌನ್‌ಟೌನ್‌ಗೂ ಇಲ್ಲಿಂದ ನಡೆದೇ ಹೋಗಬಹುದು. ಈ ‘ನಡೆದು ಹೋಗಬಹುದು’ ಅನ್ನೋದರ ಬೆಲೆ ಅಪ್ಪ ಅಮ್ಮ ಜೊತೆಗಿದ್ದಾಗ ಗೊತ್ತಾಗುತ್ತದೆ. ಬೆಳಗ್ಗೆ ಆರಕ್ಕೇ ಎದ್ದು ವಾಕಿಂಗ್ ಹೋಗಲೇಬೇಕು ಅನ್ನುವ ಅಪ್ಪನಿಗೆ ಕೆರೆ ದಂಡೆ ಇದೆ. ಸಂಜೆ ಲ್ಯಾಂಡಿಂಗ್‌ನಲ್ಲಿ ಹಾಡಿಗೆ ತಕ್ಕಂತೆ ನೀರೂ ಬೆಂಕಿಯೂ ಚಿಮ್ಮುವ ಕಾರಂಜಿ ನೋಡಿ, ಯಾರನ್ನೂ ಕಾಯದೆ ವಾಪಸ್ ಬರಬಹುದು.

ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ಸೈಟ್‌ಗಳು, ಅಂದರೆ ಒಂದೊಂದು ಗಾಡಿ ನಿಲ್ಲಿಸುವ ಜಾಗಗಳು, ಒಂದಕ್ಕೊಂದು ಹತ್ತಿರ ಇವೆ. ಕಾಡಿನ ಏಕಾಂತ ಬೇಕು ಅನ್ನುವವರಿಗೆ ಇದಲ್ಲ. ಇನ್ನೊಂದು, ಕೆರೆಯ ನೀರು. ಟೇನಿಕೋಮೋಗೆ ಬರುವುದು ಮೇಲಿನ ಟೇಬಲ್ ರಾಕ್ ಅಣೆಕಟ್ಟೆಯ ತಳದಿಂದ ಬಿಡುವ ನೀರು. 1958ರಲ್ಲಿ ಆ ಅಣೆಕಟ್ಟೆ ಮುಗಿದ ಮೇಲೆ ಈ ಕೆರೆ ಈಜುವ ಕೆರೆಯಾಗಿ ಉಳಿಯಲಿಲ್ಲ, ಟ್ರೌಟ್ ಮೀನಿನ ಕೆರೆಯಾಯಿತು. ಬೇಸಿಗೆಯ ನಡುಮಧ್ಯಾಹ್ನವೂ ಕಾಲಿಟ್ಟರೆ ಕೊರೆಯುತ್ತದೆ. ಅಣೆಕಟ್ಟೆಯ ಹತ್ತಿರ ಹೋದರೆ ಸೈರನ್ ಕೇಳಿಸಬಹುದು. ವಿದ್ಯುತ್ ತಯಾರಿಸಲು ನೀರು ಬಿಡುವ ಮುಂಚೆ ಊದುವುದು ಅದು. ನೀರು ಬೇಗ ಏರುತ್ತದೆ, ಹರಿವು ಜೋರಾಗುತ್ತದೆ. ಮಕ್ಕಳು ಕಲ್ಲಿನ ಮೇಲೆ ಆಡುತ್ತಿದ್ದರೆ ಆ ಸದ್ದಿಗೆ ತಕ್ಷಣ ದಡಕ್ಕೆ ಕರೆಸಿ.

ನೀರೇ ಮುಖ್ಯ ಅಂದರೆ ಟೇಬಲ್ ರಾಕ್ ಕೆರೆ. ಇದರ ನೀರು ತಿಳಿ, ಬೇಸಿಗೆಗೆ ಹಿತವಾಗಿ ಬೆಚ್ಚಗಿರುತ್ತದೆ. ಅಣೆಕಟ್ಟೆ ಹತ್ತಿರದ ಮೂನ್‌ಶೈನ್ ಬೀಚ್‌ನಲ್ಲಿ ಮಕ್ಕಳು ಗಂಟೆಗಟ್ಟಲೆ ಇರುತ್ತಾರೆ. ಪಕ್ಕದಲ್ಲೇ ಟೇಬಲ್ ರಾಕ್ ಸ್ಟೇಟ್ ಪಾರ್ಕ್ ಇದೆ. ಮರದ ನೆರಳು ಚೆನ್ನಾಗಿದೆ. ಬರೀ ಕರೆಂಟ್ ಇರುವ ಸೈಟ್‌ನಿಂದ ಹಿಡಿದು ಕರೆಂಟ್, ನೀರು, ಒಳಚರಂಡಿ ಮೂರೂ ಇರುವ ಸೈಟ್‌ವರೆಗೆ ಸಿಗುತ್ತವೆ. ಮೂರೂ ಇರುವವು ಕಡಿಮೆ, ಮೊದಲು ಹೋಗುವುದೂ ಅವೇ. ಮಿಸೌರಿ ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಒಂದು ವರ್ಷ ಮುಂಚೆಯೇ ತೆರೆಯುತ್ತದೆ. ಜೂನ್-ಜುಲೈ ವಾರಾಂತ್ಯ ಬೇಕಿದ್ದರೆ ಟಿಕೆಟ್, ವೀಸಾ ಎಲ್ಲ ಆಗಲಿ ಅಂತ ಕಾಯಬೇಡಿ. ಮೊದಲು ಸೈಟ್ ಹಿಡಿದಿಡಿ. ಬೇಡವಾದರೆ ರದ್ದು ಮಾಡಿದಾಗ ಎಷ್ಟು ಕಳೆದುಕೊಳ್ಳುತ್ತೀರಿ ಅಂತ ನೋಡಿಕೊಂಡರೆ ಸಾಕು.

ಮಕ್ಕಳಿರುವ ಮನೆಯವರು ಎರಡು ಮೂರು ದಿನ ಸಿಲ್ವರ್ ಡಾಲರ್ ಸಿಟಿಗೇ ಹೋಗುವುದಾದರೆ ಲೆಕ್ಕ ಬೇರೆ. ಅದು ಡೌನ್‌ಟೌನ್‌ನಿಂದ ಪಶ್ಚಿಮಕ್ಕೆ ಒಂಬತ್ತು ಮೈಲಿ ಆಸುಪಾಸಿನಲ್ಲಿದೆ. ಪಾರ್ಕಿನವರದೇ ಕ್ಯಾಂಪ್‌ಗ್ರೌಂಡ್ ಇದೆ, ಅಲ್ಲಿಂದ ಪಾರ್ಕಿಗೆ ಅವರದೇ ಬಸ್ ಓಡುತ್ತದೆ. ಇನ್ನೊಂದು ಆಯ್ಕೆ ಇಂಡಿಯನ್ ಪಾಯಿಂಟ್. ಅಣೆಕಟ್ಟೆ ಕಟ್ಟಿದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಇಲಾಖೆಯ ಕ್ಯಾಂಪ್‌ಗ್ರೌಂಡ್ ಅದು. ಕೆರೆಗೆ ಚಾಚಿಕೊಂಡ ನೆಲದ ತುದಿಯಲ್ಲಿದೆ. ನೋಟಕ್ಕೆ ಬ್ರಾನ್ಸನ್ ಸುತ್ತ ನನಗೆ ಬಹಳ ಇಷ್ಟವಾದ ಜಾಗ ಅದೇ. ಬಾಡಿಗೆಯೂ ಖಾಸಗಿ ಪಾರ್ಕ್‌ಗಳಿಗಿಂತ ಕಡಿಮೆ. ಮನೆಯಲ್ಲಿ 62 ದಾಟಿದವರು ಇದ್ದು, ಅವರಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ, ಫೆಡರಲ್ ಸೀನಿಯರ್ ಪಾಸ್ ಮಾಡಿಸಿಕೊಳ್ಳಿ. ಇಂಥ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ಬಾಡಿಗೆ ಉಳಿಯುತ್ತದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಆ ಪಾಸ್ ಸಿಗಲ್ಲ.

ಇಂಡಿಯನ್ ಪಾಯಿಂಟ್‌ಗೆ ಹೋಗಲು ಇರುವುದು ಒಂದೇ ರಸ್ತೆ, ಅದೂ ಸಿಲ್ವರ್ ಡಾಲರ್ ಸಿಟಿಯ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಬೆಳಗ್ಗೆ ಪಾರ್ಕ್ ತೆರೆಯುವಾಗ, ರಾತ್ರಿ ಮುಚ್ಚುವಾಗ ಅದು ಕಟ್ಟಿಕೊಳ್ಳುತ್ತದೆ. ದಿನಾ ಸಂಜೆ 76ರ ಮೇಲಿನ ಶೋ ನೋಡಬೇಕು ಅನ್ನುವವರು ಇಲ್ಲಿ ತಂಗಿದರೆ ಅರ್ಧ ಪ್ರವಾಸ ಗಾಡಿಯಲ್ಲೇ ಕಳೆಯುತ್ತದೆ.

ಒಟ್ಟಿನಲ್ಲಿ, ಅಪ್ಪ ಅಮ್ಮ ಜೊತೆಗಿದ್ದು ಶೋಗಾಗಿಯೇ ಹೋಗುವುದಾದರೆ ನಾನು ಹಿಂದೆ ಮುಂದೆ ನೋಡದೆ ಲೇಕ್‌ಸೈಡ್ ಅಂತೀನಿ. ನೋಟ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ಗಾಡಿ

ಜಾಗ ನಿಕ್ಕಿಯಾಯಿತು ಅಂದರೆ ಗಾಡಿ ಆರಿಸುವುದು ಸುಲಭ. ಬಾಡಿಗೆಗೆ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ.

ಕ್ಲಾಸ್ ಬಿ ಅಂದರೆ ಉದ್ದನೆಯ ವ್ಯಾನ್. ಓಡಿಸೋದು ಸಲೀಸು. ಥಿಯೇಟರ್ ಪಾರ್ಕಿಂಗ್‌ನಲ್ಲಿ ಕಾರಿನ ಹಾಗೇ ನಿಲ್ಲಿಸಬಹುದು, ಆದರೆ ಎತ್ತರ ಜಾಸ್ತಿ, ಬಹುಮಹಡಿ ಪಾರ್ಕಿಂಗ್ ಒಳಗೆ ನುಗ್ಗಿಸಬೇಡಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಅಪ್ಪ ಅಮ್ಮ ಇದ್ದರೆ ಬೇಡವೇ ಬೇಡ. ಬಹಳಷ್ಟರಲ್ಲಿ ಬಚ್ಚಲು, ಕಕ್ಕಸು ಎರಡೂ ಒಂದೇ ಗೂಡು. ಒಬ್ಬರು ಸ್ನಾನ ಮಾಡಿದರೆ ಕಮೋಡೂ ಒದ್ದೆ, ನೆಲವೂ ಒದ್ದೆ. ಮಂಡಿ ನೋವಿರುವವರು ಅಲ್ಲಿ ಜಾರಿ ಬೀಳೋದು ಸುಲಭ.

ಕ್ಲಾಸ್ ಎ ಅಂದರೆ ಬಸ್ ಗಾತ್ರದ್ದು. ಒಳಗೆ ಅರಮನೆ, ಓಡಿಸುವವರಿಗೆ ಹಿಂಸೆ. ಗ್ಯಾಲನ್‌ಗೆ ಎಂಟು ಮೈಲಿ ಕೊಟ್ಟರೆ ಹೆಚ್ಚು. ಅಭ್ಯಾಸ ಇಲ್ಲದವರು ಓಝಾರ್ಕ್ ಗುಡ್ಡದಲ್ಲಿ ಇದನ್ನು ಕಲಿಯಲು ಹೋಗಬಾರದು.

ನಡುವಿನದು ಕ್ಲಾಸ್ ಸಿ. ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಮಂಚ ಚಾಚಿಕೊಂಡಿರುತ್ತದಲ್ಲ, ಅದು. 25 ಅಡಿಯ ಆಸುಪಾಸಿನದು ನಾಲ್ಕೈದು ಜನರ ಮನೆಗೆ ಸರಿಹೊಂದುತ್ತದೆ. ಬಾಡಿಗೆ ಹಾಳೆಯಲ್ಲಿ ‘ಆರು ಜನ ಮಲಗಬಹುದು’ ಅಂತ ಇದ್ದರೆ ಅಷ್ಟಕ್ಕೇ ನಿಲ್ಲಬೇಡಿ, ಸೀಟ್ ಬೆಲ್ಟ್ ಎಷ್ಟಿವೆ ಕೇಳಿ. ಮಗುವಿನ ಕಾರ್ ಸೀಟ್ ಎಲ್ಲಿ ಗಟ್ಟಿಯಾಗಿ ಕಟ್ಟಬಹುದು ಅಂತಲೂ ಕೇಳಿ. ಅಟ್ಟದ ಮಂಚಕ್ಕೆ ಏಣಿ ಹತ್ತಬೇಕು, ಅದು ಮಕ್ಕಳ ಪಾಲು. ಅಪ್ಪ ಅಮ್ಮನಿಗೆ ಹಿಂದಿನ ಮಂಚ ಕೊಡಿ. ಆ ಮಂಚದ ಎರಡೂ ಕಡೆ ನಡೆಯುವ ಜಾಗ ಇದೆಯಾ ಅಂತ ಫೋಟೋ ನೋಡಿ. ಒಂದು ಕಡೆ ಗೋಡೆಗೆ ಒತ್ತಿದ್ದರೆ ರಾತ್ರಿ ಏಳುವವರು ಪಕ್ಕದವರನ್ನು ದಾಟಿಕೊಂಡೇ ಇಳಿಯಬೇಕು.

ನಾಲ್ಕನೆಯದು ಟ್ರೇಲರ್, ನಿಮ್ಮ ಗಾಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ನಿಮ್ಮ ಹತ್ತಿರ ದೊಡ್ಡ ಎಸ್‌ಯುವಿ ಅಥವಾ ಟ್ರಕ್ ಇದ್ದು, ಎಳೆಯುವ ತೂಕದ ಮಿತಿ ಸರಿಯಾಗಿ ಗೊತ್ತಿದ್ದರೆ, ಬ್ರಾನ್ಸನ್‌ಗೆ ಇದು ತುಂಬಾ ಜಾಣತನದ ಆಯ್ಕೆ. ಟ್ರೇಲರನ್ನು ಸೈಟ್‌ನಲ್ಲಿ ಬಿಚ್ಚಿಟ್ಟು ಗಾಡಿಯಲ್ಲಿ ಶೋಗೆ ಹೋಗಿ ಬರಬಹುದು. ಓಡುವ ಟ್ರೇಲರ್ ಒಳಗೆ ಮಾತ್ರ ಯಾರನ್ನೂ ಕೂರಿಸಬೇಡಿ.

ಕ್ಲಾಸ್ ಸಿ ತಗೊಂಡವರ ತೊಂದರೆ ಇರುವುದೇ ಅಲ್ಲಿ. ಎಲ್ಲಿಗೆ ಹೋಗಬೇಕಾದರೂ ಕರೆಂಟ್ ವೈರ್, ನೀರಿನ ಪೈಪ್, ಒಳಚರಂಡಿ ಪೈಪ್ ಎಲ್ಲ ಬಿಚ್ಚಬೇಕು. ಒಲೆ ಮೇಲಿದ್ದ ಪಾತ್ರೆ ಒಳಗಿಡಬೇಕು. ಕಪಾಟಿನ ಬಾಗಿಲು ಭದ್ರ ಮಾಡಬೇಕು. ಆಗಲೇ ಹೊರಡಬಹುದು. ಇನ್ನೊಂದು ಮನೆಯವರ ಜೊತೆ ಹೋಗಿ, ಅವರು ಕಾರು ತರಲಿ. ಇಲ್ಲವೇ ಮನೆಯಿಂದ ಇನ್ನೊಬ್ಬರು ನಿಮ್ಮ ಕಾರನ್ನೇ ಹಿಂದೆ ಓಡಿಸಿಕೊಂಡು ಬರಲಿ. ಆ ಪೆಟ್ರೋಲ್ ಖರ್ಚಿಗೆ ಬೇಜಾರು ಮಾಡಿಕೊಳ್ಳಬೇಡಿ. ಕಾರೇ ಇಲ್ಲ ಅಂದರೂ ದಾರಿ ಇದೆ: ಥಿಯೇಟರ್‌ಗಳಿಗೆ ಮೊದಲಿಂದಲೂ ಟೂರ್ ಬಸ್‌ಗಳು ಬರೋದರಿಂದ ಹೆಚ್ಚಿನವಕ್ಕೆ ವಿಶಾಲವಾದ ಪಾರ್ಕಿಂಗ್ ಇದೆ, ಸಾಮಾನ್ಯವಾಗಿ ಪುಕ್ಕಟೆ. ಊರೊಳಗೆ 76 ತಪ್ಪಿಸಲು ಕೆಂಪು, ಹಳದಿ, ನೀಲಿ ಅಂತ ಬಣ್ಣದ ಹೆಸರಿನ ಪರ್ಯಾಯ ರಸ್ತೆಗಳಿವೆ, ಬೋರ್ಡ್ ನೋಡಿಕೊಂಡು ಅವನ್ನೇ ಹಿಡಿಯಿರಿ.

ಖರ್ಚಿನ ಬಗ್ಗೆ ಒಂದೇ ಮಾತು. ದಿನದ ಬಾಡಿಗೆ ನೋಡಿ ತೀರ್ಮಾನಿಸಬೇಡಿ. ದಿನಕ್ಕೆ ಎಷ್ಟು ಮೈಲಿ ಸೇರಿದೆ, ಮೀರಿದರೆ ಮೈಲಿಗೆ ಎಷ್ಟು, ಜನರೇಟರ್ ಗಂಟೆಗೆ ಎಷ್ಟು, ಟ್ಯಾಂಕ್ ಖಾಲಿ ಮಾಡದೆ ವಾಪಸ್ ಕೊಟ್ಟರೆ ಎಷ್ಟು ದಂಡ, ಇವೆಲ್ಲ ಕೇಳಿ. ಸೇಂಟ್ ಲೂಯಿಸ್‌ನಿಂದ ಹೋಗಿ ಬರಲು ಐನೂರು ಮೈಲಿ ಆಗುತ್ತದೆ. ಕ್ಲಾಸ್ ಸಿ ಗಾಡಿ ಗ್ಯಾಲನ್‌ಗೆ ಹತ್ತು ಮೈಲಿ ಕೊಟ್ಟರೂ ಐವತ್ತು ಗ್ಯಾಲನ್ ಪೆಟ್ರೋಲ್. ಎರಡೇ ರಾತ್ರಿಯ ಪ್ರವಾಸಕ್ಕೆ ಈ ದುಡ್ಡೂ ಈ ಶ್ರಮವೂ ದಂಡ. ಅಡುಗೆಮನೆ ಇರುವ ಕಾಂಡೋಗಳು (ಬಾಡಿಗೆ ಫ್ಲಾಟ್‌ಗಳು) ಬ್ರಾನ್ಸನ್ ತುಂಬ ಇವೆ, ಅಲ್ಲಿ ಇಳಿದುಕೊಳ್ಳಿ. ನಾಲ್ಕು ರಾತ್ರಿಗಿಂತ ಜಾಸ್ತಿ ಇರುವುದಾದರೆ ಆರ್‌ವಿ.

ಅಡುಗೆ, ಕರೆಂಟ್, ನೀರು

ನಮ್ಮ ಜನ ಆರ್‌ವಿ ತಗೊಳ್ಳುವುದೇ ಅಡುಗೆಗಾಗಿ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸೈಟ್ ಬುಕ್ ಮಾಡುವಾಗ 30 ಆಂಪ್, 50 ಆಂಪ್ ಅಂತ ಎರಡು ಬಗೆ ಕಾಣಿಸುತ್ತದೆ. 30 ಆಂಪ್ ಅಂದರೆ ಒಟ್ಟು 3,600 ವ್ಯಾಟ್. 50 ಆಂಪ್‌ನಲ್ಲಿ ಎರಡು ಲೈನ್ ಬರೋದರಿಂದ 12,000 ವ್ಯಾಟ್. ಚಿಕ್ಕ ಕ್ಲಾಸ್ ಸಿ ಗಾಡಿಗಳು ಸಾಮಾನ್ಯವಾಗಿ 30 ಆಂಪ್‌ನವು. ಜುಲೈ ಮಧ್ಯಾಹ್ನ ಎಸಿ ಒಂದೂವರೆ ಸಾವಿರ ವ್ಯಾಟ್ ಎಳೆಯುತ್ತಿರುತ್ತದೆ. ನೀವು 1,800 ವ್ಯಾಟ್‌ನ ಇಂಡಕ್ಷನ್ ಒಲೆ ಹಚ್ಚುತ್ತೀರಿ. ಅಲ್ಲಿಗೆ ಮೂರು ಸಾವಿರ ದಾಟಿತು. ಅಷ್ಟರಲ್ಲಿ ಯಾರೋ ಹಾಲು ಬಿಸಿ ಮಾಡಲು ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿತ್ತು ಅಂತಲೇ ಲೆಕ್ಕ. ಕುಕ್ಕರ್ ಕೂಗುವವರೆಗೆ ಎಸಿ ಆರಿಸಿ, ಇಲ್ಲವೇ ಗಾಡಿಯ ಗ್ಯಾಸ್ ಒಲೆಯಲ್ಲೇ ಅಡುಗೆ ಮಾಡಿ.

ಒಗ್ಗರಣೆ ಮಾತ್ರ ಒಳಗೆ ಬೇಡ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಅರೆಗಳಿಗೆಗೆ ಹೊಗೆ ಅಲಾರಂ ಕಿರುಚುತ್ತದೆ, ಆ ಘಾಟು ಹಾಸಿಗೆ ಬಟ್ಟೆಗೆ ಹಿಡಿದುಕೊಂಡರೆ ಮೂರು ದಿನ ಹೋಗಲ್ಲ. ಸೈಟ್‌ನಲ್ಲಿ ಹೊರಗೆ ಟೇಬಲ್, ಬೆಂಚು ಇರುತ್ತದೆ. ಒಂದು ಚಿಕ್ಕ ಕ್ಯಾಂಪ್ ಒಲೆ ಒಯ್ದರೆ ಒಗ್ಗರಣೆ, ಹಪ್ಪಳ, ದೋಸೆ ಎಲ್ಲ ಅಲ್ಲೇ ಆಗುತ್ತದೆ. ರವೆ ಹುರಿದಿಟ್ಟುಕೊಂಡು ಹೋದರೆ ಬೆಳಗಿನ ಉಪ್ಪಿಟ್ಟು ಕಾಲು ಗಂಟೆಯ ಕೆಲಸ. ಬೇಳೆ, ಹುಣಸೆಹಣ್ಣು, ಸಾರಿನ ಪುಡಿ, ಕರಿಬೇವು ಮನೆಯಿಂದಲೇ ತಗೊಂಡು ಹೋಗಿ.

ಪಾತ್ರೆ ತೊಳೆದ ನೀರು, ಸ್ನಾನದ ನೀರು ಸೇರುವುದು ಗ್ರೇ ಟ್ಯಾಂಕ್‌ಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕ್‌ಗೆ. ತಟ್ಟೆಯಲ್ಲಿ ಉಳಿದ ಅಗಳು, ಸಾರಿನ ಎಣ್ಣೆ ಸಿಂಕ್‌ಗೆ ಹೋಗಬಾರದು. ಪೇಪರ್ ಟವೆಲ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಕರೆಂಟ್, ನೀರು, ಒಳಚರಂಡಿ ಮೂರೂ ಇರುವ ಸೈಟ್ ಸಿಕ್ಕಿತು ಅಂತ ಬ್ಲ್ಯಾಕ್ ಟ್ಯಾಂಕಿನ ಕವಾಟ ಸದಾ ತೆರೆದಿಡಬೇಡಿ. ನೀರು ಹರಿದು ಹೋಗಿ ಗಟ್ಟಿ ತಳದಲ್ಲಿ ಕೂರುತ್ತದೆ. ಮುಕ್ಕಾಲು ಭಾಗ ತುಂಬಲಿ, ಆಗ ಬ್ಲ್ಯಾಕ್ ಮೊದಲು ಬಿಡಿ, ಗ್ರೇ ಆಮೇಲೆ. ಸಾಬೂನು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಬಿಸಿನೀರಿನ ಟ್ಯಾಂಕ್ ಹೆಚ್ಚಿನ ಗಾಡಿಗಳಲ್ಲಿ ಆರೇ ಗ್ಯಾಲನ್. ಬೆಳಗ್ಗೆ ಐದು ಜನರ ಸ್ನಾನ ಅದರಲ್ಲಿ ಆಗುವ ಮಾತಲ್ಲ. ಕ್ಯಾಂಪ್‌ಗ್ರೌಂಡ್‌ನ ಸ್ನಾನಗೃಹಕ್ಕೆ ಹೋಗಿ.

ಯಾವಾಗ

ಜನವರಿ, ಫೆಬ್ರುವರಿಯಲ್ಲಿ ಬಹಳಷ್ಟು ಥಿಯೇಟರ್ ಮುಚ್ಚಿರುತ್ತವೆ, ನೀರಿನ ಪೈಪ್ ಹೆಪ್ಪುಗಟ್ಟುತ್ತದೆ. ಆ ತಿಂಗಳು ಬಿಟ್ಟುಬಿಡಿ. ಜೂನ್-ಜುಲೈ ಮಕ್ಕಳ ರಜೆ, ಸೆಕೆಯೂ ಜನವೂ ಜಾಸ್ತಿ. ನವೆಂಬರ್-ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಶೋಗಳು, ಸಿಲ್ವರ್ ಡಾಲರ್ ಸಿಟಿಯ ಲಕ್ಷಗಟ್ಟಲೆ ದೀಪಗಳು ಕಣ್ಣಿಗೆ ಹಬ್ಬ. ಆದರೆ ರಾತ್ರಿ ಚಳಿಗೆ ಆರ್‌ವಿ ಸುಖ ಇಲ್ಲ, ಅದಕ್ಕೆ ಕಾಂಡೋನೇ ಸರಿ. ನನ್ನ ಆಯ್ಕೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಹಗಲು ಹಿತ, ರಾತ್ರಿ ಒಂದು ಸ್ವೆಟರ್, ಗುಡ್ಡದ ಮರಗಳೆಲ್ಲ ಕೆಂಪು ಹಳದಿ. ಮಕ್ಕಳ ಶಾಲೆ ಅಡ್ಡ ಬಂದರೆ ಜೂನ್ ಮೊದಲ ವಾರ, ಅದೂ ಸೋಮವಾರದಿಂದ ಗುರುವಾರದವರೆಗೆ.

ಯಾವ ತಿಂಗಳಲ್ಲಿ ಹೋಗುವವರೂ ಹವಾಮಾನವನ್ನು ಹಗುರವಾಗಿ ತಗೊಳ್ಳಬಾರದು. 2012ರ ಫೆಬ್ರುವರಿ 29ರ ಬೆಳಗಿನ ಜಾವ ಸುಂಟರಗಾಳಿ ಇದೇ 76ರ ಮೇಲೆ ಹಾದು ಹೋಗಿತ್ತು. 2018ರ ಜುಲೈ 19ರಂದು ಟೇಬಲ್ ರಾಕ್ ಕೆರೆಯಲ್ಲಿ ಬಿರುಗಾಳಿಗೆ ಸಿಕ್ಕ ಪ್ರವಾಸಿ ದೋಣಿ ಮುಳುಗಿ 17 ಜನ ತೀರಿಕೊಂಡರು. ಆರ್‌ವಿ ಬಿರುಗಾಳಿಗೆ ಆಸರೆ ಅಲ್ಲ. ಸೈಟ್‌ಗೆ ಬಂದ ದಿನವೇ ಆಫೀಸಿನಲ್ಲಿ ಕೇಳಿಕೊಳ್ಳಿ, ಎಚ್ಚರಿಕೆ ಬಂದರೆ ಯಾವ ಕಟ್ಟಡಕ್ಕೆ ಓಡಬೇಕು ಅಂತ. ಫೋನಿನಲ್ಲಿ ಹವಾಮಾನ ಎಚ್ಚರಿಕೆ ಆನ್ ಇರಲಿ, ರಾತ್ರಿ ಸೈಲೆಂಟ್‌ಗೆ ಹಾಕಬೇಡಿ. ಮಳೆ ಜೋರಾದ ವರ್ಷ ಕೆರೆ ನೀರು ಏರಿ ದಂಡೆಯ ಸೈಟ್‌ಗಳನ್ನು ಮುಚ್ಚುವುದೂ ಇದೆ, ಹೊರಡುವ ಮುಂಚೆ ಫೋನ್ ಮಾಡಿ.

ದಾರಿ

ಸ್ಪ್ರಿಂಗ್‌ಫೀಲ್ಡ್‌ನಿಂದ ಹೈವೇ 65 ಹಿಡಿದು ದಕ್ಷಿಣಕ್ಕೆ ಬನ್ನಿ. ನಾಲ್ಕು ಲೇನ್, ನಡುವೆ ವಿಭಜಕ. ಇಳಿಜಾರು ಉದ್ದ ಇದೆ, ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಗೇರ್ ಇಳಿಸಿ. ಬೆಂಟನ್‌ವಿಲ್ ಕಡೆಯವರಿಗೆ ಮ್ಯಾಪ್ ಯುರೇಕಾ ಸ್ಪ್ರಿಂಗ್ಸ್ ಮೇಲಿನ ಹೈವೇ 62 ತೋರಿಸಬಹುದು. ದೂರ ಕಮ್ಮಿ, ತಿರುವು ಒಂದರ ಮೇಲೊಂದು. ಕಾರಿಗೆ ಚೆಂದ, ಆರ್‌ವಿಗೆ ಬೇಡ. ಉತ್ತರಕ್ಕೆ ಐ-49, ಅಲ್ಲಿಂದ ಐ-44, ಸ್ಪ್ರಿಂಗ್‌ಫೀಲ್ಡ್, ಆಮೇಲೆ 65. ಸುತ್ತು ಜಾಸ್ತಿಯಾದರೂ ಅಮ್ಮನಿಗೆ ವಾಂತಿ ಬರಲ್ಲ.

ಯಾವ ಶೋ

ಬ್ರಾನ್ಸನ್‌ನ ಹಳೇ ಶೋಗಳು ಕಂಟ್ರಿ ಹಾಡು, ಭಜನೆಯಂಥ ಗಾಸ್ಪೆಲ್, ಹಳ್ಳಿ ಹಾಸ್ಯ, ಕೊನೆಗೆ ಮಾಜಿ ಸೈನಿಕರನ್ನು ಎಬ್ಬಿಸಿ ನಿಲ್ಲಿಸಿ ಗೌರವ ಸಲ್ಲಿಸುವುದು, ಹೀಗೆ ನಡೆಯುತ್ತವೆ. ಪ್ರೆಸ್ಲಿ ಕುಟುಂಬದ ಶೋ ಇದಕ್ಕೆ ಒಳ್ಳೆಯ ಮಾದರಿ. ವೇದಿಕೆಯ ಮೇಲೆ ಅದೇ ಮನೆಯ ತಲೆಮಾರುಗಳು ಒಟ್ಟಿಗೆ ಬಾರಿಸುವುದನ್ನು ನೋಡಿದರೆ ನಮ್ಮ ಹಿರಿಯರಿಗೆ ಖುಷಿಯಾಗುತ್ತದೆ. ಆದರೆ ಹಾಸ್ಯ ಪೂರ್ತಿ ಮಾತಿನ ಮೇಲೆ ನಿಂತಿದೆ, ಅದೂ ಓಝಾರ್ಕ್ ಉಚ್ಚಾರಣೆ. ಇಂಗ್ಲಿಷ್ ಅಷ್ಟು ಬಾರದ ಅಮ್ಮನಿಗೆ ಎರಡು ಗಂಟೆ ಕಷ್ಟ.

ಅವರಿಗೆ ಕಣ್ಣಿಗೆ ಹಬ್ಬವಾಗುವ ಶೋ ಆರಿಸಿ. 2008ರಲ್ಲಿ ಇಲ್ಲಿ ತೆರೆದ ಸೈಟ್ ಅಂಡ್ ಸೌಂಡ್ ಥಿಯೇಟರ್‌ನಲ್ಲಿ ಬೈಬಲ್ ಕಥೆಗಳನ್ನು ಆಡುತ್ತಾರೆ. ಸುಮಾರು ಎರಡು ಸಾವಿರ ಆಸನ, ಪ್ರೇಕ್ಷಕರನ್ನು ಮೂರು ಕಡೆ ಸುತ್ತುವ ವೇದಿಕೆ, ನಿಜವಾದ ಪ್ರಾಣಿಗಳು ಪಕ್ಕದಲ್ಲೇ ನಡೆದು ಹೋಗುತ್ತವೆ. ಕಥೆ ಮೊದಲೇ ಹೇಳಿ ಕರೆದುಕೊಂಡು ಹೋದರೆ ಮಾತು ತಿಳಿಯದಿದ್ದರೂ ನಡೆಯುತ್ತದೆ. ಅದು 76ರ ಮೇಲಲ್ಲ, ಶೆಫರ್ಡ್ ಆಫ್ ದಿ ಹಿಲ್ಸ್ ಎಕ್ಸ್‌ಪ್ರೆಸ್‌ವೇ ಮೇಲಿದೆ, ಆರ್‌ವಿಯವರಿಗೆ ಇದೂ ಅನುಕೂಲ. ಊಟದ ಜೊತೆ ಕುದುರೆ ಸವಾರಿ ತೋರಿಸುವ ಡಾಲಿ ಪಾರ್ಟನ್ ಸ್ಟಾಂಪೀಡ್ ಶೋನಲ್ಲಿ ಚಮಚ, ಫೋರ್ಕ್ ಕೊಡಲ್ಲ, ಕೈಯಲ್ಲೇ ಊಟ. ಊಟದಲ್ಲಿ ಇಡೀ ಕೋಳಿಯೇ ಮುಖ್ಯ, ಸಸ್ಯಾಹಾರಿ ಊಟ ಬೇಕು ಅಂತ ಟಿಕೆಟ್ ತಗೊಳ್ಳುವಾಗಲೇ ಹೇಳಿ. 1995ರಿಂದ ಟೇಬಲ್ ರಾಕ್ ಕೆರೆಯಲ್ಲಿ ಓಡುತ್ತಿರುವ ಬ್ರಾನ್ಸನ್ ಬೆಲ್ ಹಡಗಿನಲ್ಲೂ ಊಟದ ಜೊತೆ ಶೋ ಇದೆ, ಅಲ್ಲೂ ಮುಂಚೆಯೇ ಕೇಳಿ.

ದಿನಕ್ಕೆ ಒಂದೇ ಶೋ ಇಟ್ಟುಕೊಳ್ಳಿ. ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನಕ್ಕೆ ಶೋ ಇರುವುದು ಬ್ರಾನ್ಸನ್‌ನ ದೊಡ್ಡ ಅನುಕೂಲ. ಹಿರಿಯರ ಜೊತೆ ಹೋಗುವವರು ಮಧ್ಯಾಹ್ನದ ಟಿಕೆಟ್ ತಗೊಂಡರೆ ಸಂಜೆ ಗದ್ದಲಕ್ಕೆ ಮುಂಚೆ ಸೈಟ್‌ಗೆ ಮರಳಬಹುದು. ರಾತ್ರಿ ಶೋ ಮುಗಿಸಿ ಬಂದರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ, ಜನರೇಟರ್ ಹಾಕುವಂತಿಲ್ಲ. ಅಂಥ ದಿನ ಊಟ ಮುಗಿಸಿಯೇ ಶೋಗೆ ಹೊರಡಿ.